ನಾಯಿ ಜತೆ ವಿದೇಶಕ್ಕೆ: ಉಣ್ಣಿ, ಹುಳ, ಸೊಳ್ಳೆಯ ಕೆಲಸ ಯಾವ ದಿನ, ಯಾವ ಕ್ರಮದಲ್ಲಿ?

ನಾಯಿಯನ್ನು ವಿದೇಶಕ್ಕೆ ಕರೆದುಕೊಂಡು ಹೋಗುವವರು ಔಷಧಿ ಕೊಡುವುದನ್ನು ಮರೆಯುವುದು ಕಡಿಮೆ. ಕೊಡುತ್ತಾರೆ, ಆದರೆ ತಪ್ಪು ದಿನ ಕೊಡುತ್ತಾರೆ. ಹುಳದ ಮಾತ್ರೆ ಒಂದು ವಾರ ಮೊದಲೇ ಹೊಟ್ಟೆಗೆ ಹೋಗಿರುತ್ತದೆ. ಉಣ್ಣಿಯ ಹನಿ ಔಷಧಿ ಹಾಕಿದ ಮರುದಿನವೇ "ಪ್ರಯಾಣಕ್ಕೆ ಮುಂಚೆ ಒಂದು ಸ್ನಾನ" ಆಗಿಬಿಟ್ಟಿರುತ್ತದೆ. ರಕ್ತ ಪರೀಕ್ಷೆಯ ನೆನಪಾಗುವುದು ಟಿಕೆಟ್ ಕೈಗೆ ಬಂದ ಮೇಲೆ. ಹಾಗಾಗಿ ಇಲ್ಲಿ ಔಷಧಿಗಳ ಹೆಸರಿಗಿಂತ ತಾರೀಕುಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಉದಾಹರಣೆಗೆ ಬೆಂಗಳೂರಿನಿಂದ ಬ್ರಿಟನ್‌ಗೆ ಹೋಗುವ ನಾಯಿಯನ್ನು ಇಟ್ಟುಕೊಂಡಿದ್ದೇನೆ. ಕೊನೆಗೆ ಅಲ್ಲಿ ನೆಲೆಸಿದ ಮೇಲೆ ಇಟಲಿ, ಸ್ಪೇನ್ ಕಡೆ ರಜೆಗೆ ಹೋಗುವವರ ವಿಷಯವೂ ಇದೆ. ಬೇರೆ ದೇಶಕ್ಕೆ ಹೋಗುವವರಿಗೆ ನಿಯಮ ಬೇರೆ ಇರುತ್ತದೆ, ಆದರೆ ಕೆಲಸದ ಕ್ರಮ ಹೆಚ್ಚುಕಮ್ಮಿ ಇದೇ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಉಣ್ಣಿ ಕೀಳುವ ಕೊಕ್ಕೆ ಅಥವಾ ಚೂಪು ತುದಿಯ ಚಿಮಟ. ಕೈಗವಸು. ಸ್ಯಾನಿಟೈಸರ್ ತುಂಬಿದ ಒಂದು ಪುಟ್ಟ ಡಬ್ಬಿ. ಸಣ್ಣ ಹಲ್ಲಿನ ಬಾಚಣಿಗೆ. ಒಂದು ಟಾರ್ಚ್. ಗೋಡೆಗೆ ತೂಗು ಹಾಕುವ ದೊಡ್ಡ ಕ್ಯಾಲೆಂಡರ್, ಮೊಬೈಲಿನದ್ದಲ್ಲ. ಮನೆಯವರೆಲ್ಲರಿಗೂ ಕಾಣಬೇಕು.

ಇನ್ನೊಂದು, ನಾಯಿಯ ಇವತ್ತಿನ ತೂಕ. ಕಳೆದ ವರ್ಷ ಫೈಲಿನಲ್ಲಿ ಬರೆದದ್ದು ಬೇಡ. ಉಣ್ಣಿ ಔಷಧಿ, ಹುಳದ ಮಾತ್ರೆ ಎರಡೂ ತೂಕದ ಲೆಕ್ಕದಲ್ಲೇ ಕೊಡುವಂಥವು. 2 ಕಿಲೋ ಹೆಚ್ಚುಕಮ್ಮಿಯಾದರೂ ಡೋಸ್ ಬದಲಾಗಬಹುದು.

## ಹಂತ 1: ಕ್ಯಾಲೆಂಡರನ್ನು ಕೊನೆಯಿಂದ ಬರೆಯಿರಿ

ವಿಮಾನ ಹೊರಡುವ ದಿನವನ್ನು ಬಿಟ್ಟುಬಿಡಿ, ಇಳಿಯುವ ದಿನಕ್ಕೆ ಕೆಂಪು ಗುರುತು ಹಾಕಿ. ನಿಯಮದ ಗಂಟೆಗಳೆಲ್ಲ ಎಣಿಕೆಯಾಗುವುದು ಇಳಿಯುವ ಹೊತ್ತಿನಿಂದ. ಅಲ್ಲಿಂದ ಹಿಂದಕ್ಕೆ ಬನ್ನಿ.

ತುಂಬ ಹಿಂದೆ ಬರುವುದು ರೇಬೀಸ್ ಕೆಲಸ. ಅದು ಈ ಬರಹದ ವಿಷಯವಲ್ಲ, ಆದರೂ ಅದೇ ನಿಮ್ಮ ದಿನಾಂಕವನ್ನು ನಿರ್ಧರಿಸುವುದರಿಂದ ಎರಡು ಮಾತು. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ರೇಬೀಸ್ ಪ್ರತಿಕಾಯದ ಫಲಿತಾಂಶ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಹೆಚ್ಚು ಬಂದಿರಬೇಕು. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಭಾರತದಿಂದ ಬ್ರಿಟನ್‌ಗೂ ಯೂರೋಪಿಯನ್ ಒಕ್ಕೂಟಕ್ಕೂ ಹೋಗುವ ನಾಯಿಗಳಿಗೆ ಇದು ತಪ್ಪಿದ್ದಲ್ಲ. ಅಂದರೆ ನಿಮ್ಮ ಕೈಯಲ್ಲಿ ಕಾಯುವ 3 ತಿಂಗಳು ಹೇಗೂ ಇದೆ. ಉಣ್ಣಿ, ಹುಳದ ಕೆಲಸವನ್ನೆಲ್ಲ ಈ 3 ತಿಂಗಳಿನೊಳಗೆ ಜೋಡಿಸಿಕೊಳ್ಳಿ. ಹೆಚ್ಚಿನವರು ಈ ಸಮಯವನ್ನು ಸುಮ್ನೆ ಕಳೆದು ಕೊನೆಯ ವಾರ ಓಡಾಡುತ್ತಾರೆ.

ಕ್ಯಾಲೆಂಡರಿನಲ್ಲಿ ಹೀಗೆ ಬರೆಯಿರಿ: ಇಳಿಯುವುದಕ್ಕೆ 8 ವಾರ ಮೊದಲು ರಕ್ತ ಪರೀಕ್ಷೆ. 4 ವಾರ ಮೊದಲು ಮನೆಯ ಉಣ್ಣಿ ಕೆಲಸ ಮತ್ತು ಸಾಮಾನ್ಯ ಜಂತುಹುಳದ ಮಾತ್ರೆ. 2 ವಾರ ಮೊದಲು ನಾಯಿಯ ಮೈಮೇಲಿನ ರಕ್ಷಣೆ. ಕೊನೆಯ 5 ದಿನದೊಳಗೆ ಲಾಡಿಹುಳದ ಮಾತ್ರೆ.

## ಹಂತ 2: ಎಂಟು ವಾರ ಮೊದಲು ರಕ್ತ ಪರೀಕ್ಷೆ

"ನಮ್ಮ ನಾಯಿ ಚೆನ್ನಾಗೇ ಇದೆಯಲ್ಲ, ಪರೀಕ್ಷೆ ಯಾಕೆ?" ಎಂದು ಕೇಳುವವರು ಬಹಳ. ಟಿಕ್ ಫೀವರ್ (ಉಣ್ಣಿ ಜ್ವರ) ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರ್ಲಿಕಿಯಾ, ಬಬೇಸಿಯಾ, ಅನಾಪ್ಲಾಸ್ಮಾ ಎಲ್ಲವೂ ಸೇರಿವೆ. ಎರ್ಲಿಕಿಯಾ ಆಗಲಿ, ಬಬೇಸಿಯಾ ಗಿಬ್ಸೋನಿ ಆಗಲಿ, ನಾಯಿಯ ಮೈಯಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರಬಹುದು. ನಾಯಿ ತಿನ್ನುತ್ತದೆ, ಆಡುತ್ತದೆ. ಪ್ರಯಾಣದ ಆಯಾಸ, ಚಳಿ, ಹೊಸ ಜಾಗ ಎಲ್ಲ ಸೇರಿದಾಗ ಅದು ತಲೆ ಎತ್ತುತ್ತದೆ.

ಕೇಳಬೇಕಾದ ಪರೀಕ್ಷೆಗಳು ಇವು. ಪ್ಲೇಟ್‌ಲೆಟ್ ಎಣಿಕೆ ಸೇರಿದ ಪೂರ್ತಿ ರಕ್ತ ಪರೀಕ್ಷೆ. ರಕ್ತದ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎರ್ಲಿಕಿಯಾ, ಅನಾಪ್ಲಾಸ್ಮಾ, ಲೈಮ್ (ಇದೂ ಉಣ್ಣಿಯಿಂದಲೇ), ಹಾರ್ಟ್‌ವರ್ಮ್ (ಸೊಳ್ಳೆ ಕಚ್ಚಿ ಬರುವ ಹೃದಯದ ಹುಳ) ನಾಲ್ಕನ್ನೂ ಒಂದೇ ಬಾರಿಗೆ ನೋಡುವ ಕಿಟ್. ಪ್ಲೇಟ್‌ಲೆಟ್ ಕಡಿಮೆ ಇದ್ದು ಕಿಟ್‌ನಲ್ಲಿ ಏನೂ ಕಾಣದಿದ್ದರೆ ಬಬೇಸಿಯಾಕ್ಕೆ ಪಿಸಿಆರ್ ಮಾಡಿಸಬಹುದಾ ಎಂದು ವೆಟ್ ಹತ್ತಿರ ಕೇಳಿ. ಬಬೇಸಿಯಾ ಆ ಕಿಟ್‌ನಲ್ಲಿ ಇರುವುದಿಲ್ಲ, ಸ್ಮಿಯರ್‌ನಲ್ಲೂ ತಪ್ಪಿಹೋಗಬಹುದು.

ಎಂಟು ವಾರ ಯಾಕೆ? ಎರ್ಲಿಕಿಯಾ ಬಂದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಆಮೇಲೆ ಪ್ಲೇಟ್‌ಲೆಟ್ ಮತ್ತೆ ನೋಡಬೇಕು. ಪರೀಕ್ಷೆಯನ್ನು 2 ವಾರ ಮೊದಲು ಇಟ್ಟುಕೊಂಡರೆ ಇದಕ್ಕೆ ಜಾಗವೇ ಇಲ್ಲ. ಅರ್ಧ ಕೋರ್ಸಿನಲ್ಲಿ ವಿಮಾನ ಹತ್ತಿಸುತ್ತೀರಿ, ಇಲ್ಲವೇ ಟಿಕೆಟ್ ಬದಲಿಸುತ್ತೀರಿ.

ಇಲ್ಲಿ ಆಗುವ ತಪ್ಪು: ಹಾರ್ಟ್‌ವರ್ಮ್ ಪರೀಕ್ಷೆ ಮಾಡಿಸದೆ ತಡೆ ಔಷಧಿ ಶುರು ಮಾಡುವುದು. ರಕ್ತದಲ್ಲಿ ಮರಿಹುಳಗಳು ಆಗಲೇ ತುಂಬಿದ್ದರೆ ಔಷಧಿ ಬಿದ್ದ ಕೂಡಲೇ ಅವೆಲ್ಲ ಒಟ್ಟಿಗೆ ಸತ್ತು ನಾಯಿಗೆ ತೊಂದರೆ ಆಗಬಹುದು.

ಇನ್ನೊಂದು ತಪ್ಪು ನಮ್ಮ ಕಡೆಯದ್ದೇ. ಉಣ್ಣಿ ಜಾಸ್ತಿಯಾದರೆ "ಒಂದು ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸಿಬಿಡಿ" ಅನ್ನುವ ಸಲಹೆ ಹಳ್ಳಿಯಲ್ಲೂ ಸಿಗುತ್ತದೆ, ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತದೆ. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ತರಹದ ತಳಿಗಳಲ್ಲಿ ಒಂದು ಜೀನ್ ದೋಷ ಸಾಮಾನ್ಯ. ಆ ನಾಯಿಗಳಿಗೆ ಈ ಪ್ರಮಾಣದ ಐವರ್‌ಮೆಕ್ಟಿನ್ ಮೆದುಳಿಗೇ ಹೊಡೆಯುತ್ತದೆ. ಮಿಶ್ರ ತಳಿಯಲ್ಲೂ ಈ ಜೀನ್ ಇರಬಹುದು. ವೆಟ್ ನೋಡದೆ ಯಾರೂ ಹಾಕಿಸಬೇಡಿ.

## ಹಂತ 3: ನಾಲ್ಕು ವಾರ ಮೊದಲು ಮನೆ ಖಾಲಿ ಮಾಡಿ

ಉಣ್ಣಿಯ ವಿಷಯದಲ್ಲಿ ಬಹುಪಾಲು ಜನ ಸೋಲುವುದು ಇಲ್ಲೇ. ನಾಯಿಯ ಮೈಮೇಲಿನದ್ದನ್ನು ಕೀಳುತ್ತಾರೆ, ಮನೆಯಲ್ಲಿರುವುದನ್ನು ಬಿಡುತ್ತಾರೆ.

ನಮ್ಮ ಊರಿನ ನಾಯಿಗಳ ಮೇಲೆ ಹೆಚ್ಚಾಗಿ ಕಾಣುವ ಕಂದು ಉಣ್ಣಿ ಮನೆಯೊಳಗೇ ಸಂಸಾರ ಹೂಡುತ್ತದೆ. ಮಲೆನಾಡಿನ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗು ಬೇರೆ ಜಾತಿ, ಅದಕ್ಕೆ ಕಾಡೇ ಬೇಕು. ಇದಕ್ಕೆ ಗೋಡೆಯ ಬಿರುಕು ಸಾಕು. ಮರಿ, ಎಳೆಯದು, ಬಲಿತದ್ದು ಹೀಗೆ ಮೂರು ಅವಸ್ಥೆಯಲ್ಲೂ ನಾಯಿಯ ರಕ್ತ ಕುಡಿಯುತ್ತದೆ. ಪ್ರತಿ ಸಲ ಹೊಟ್ಟೆ ತುಂಬಿದ ಮೇಲೆ ಉದುರಿ ಬಿರುಕು ಸೇರುತ್ತದೆ. ಬಲಿತ ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಬಲಿತ ಉಣ್ಣಿ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಹಾಗಾಗಿ ಯಾವುದೇ ದಿನ ನಾಯಿಯ ಮೇಲೆ ಕಾಣುವುದು ಮನೆಯಲ್ಲಿರುವುದರ ಸಣ್ಣ ಪಾಲು ಮಾತ್ರ.

ಮಾಡಬೇಕಾದ್ದು ಹೀಗೆ:

1. ನಾಯಿ ಮಲಗುವ ಜಾಗದ ಸುತ್ತ ಗೋಡೆಯ ಬುಡ, ಬಾಗಿಲ ಚೌಕಟ್ಟು, ಕಿಟಕಿಯ ಮೂಲೆ, ಸೋಫಾದ ಅಡಿ ಎಲ್ಲ ಟಾರ್ಚ್ ಹಿಡಿದು ನೋಡಿ. ಈ ಉಣ್ಣಿ ಗೋಡೆ ಹತ್ತುತ್ತದೆ, ಪರದೆಯ ಹಿಂದೆಯೂ ಇರುತ್ತದೆ.
2. ಹಾಸಿಗೆ, ಹೊದಿಕೆಗಳನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯಿರಿ. ಹಳೆಯದಾಗಿದ್ದರೆ ಎಸೆಯಿರಿ. ಹೇಗೂ ಊರು ಬಿಡುತ್ತಿದ್ದೀರಿ.
3. ವ್ಯಾಕ್ಯೂಮ್ ಮಾಡಿ, ಅದರ ಕಸವನ್ನು ಕೂಡಲೇ ಕಟ್ಟಿ ಹೊರಗೆ ಹಾಕಿ.
4. ಬಿರುಕುಗಳಿಗೆ ಔಷಧಿ ಹೊಡೆಸುವುದಾದರೆ ಈ ವಾರವೇ ಹೊಡೆಸಿ, 2 ವಾರ ಬಿಟ್ಟು ಇನ್ನೊಮ್ಮೆ. ಮೊದಲ ಸಲ ಮೊಟ್ಟೆಗಳು ಉಳಿದುಕೊಳ್ಳುತ್ತವೆ. ಪೂರ್ತಿ ಒಣಗುವವರೆಗೆ ನಾಯಿ, ಮಕ್ಕಳು ಆ ಕೋಣೆಗೆ ಬರಬಾರದು.
5. ಪ್ರಯಾಣದ ಕ್ರೇಟ್ ತಂದ ದಿನದಿಂದಲೇ ನಾಯಿಗೆ ಅಭ್ಯಾಸ ಮಾಡಿಸುತ್ತೀರಲ್ಲ, ಅದರ ಸಂದುಗಳನ್ನೂ ವಾರಕ್ಕೊಮ್ಮೆ ನೋಡಿ. ಸೆಕೆಂಡ್ ಹ್ಯಾಂಡ್ ಕ್ರೇಟ್ ಆದರೆ ಬಿಚ್ಚಿ ತೊಳೆದು ಬಿಸಿಲಿಗೆ ಇಡಿ.

ಇದೇ ಹೊತ್ತಿಗೆ ಸಾಮಾನ್ಯ ಜಂತುಹುಳ, ಕೊಕ್ಕೆಹುಳದ ಮಾತ್ರೆಯನ್ನೂ ಕೊಡಿಸಿ. ಇದು ನಾಯಿಯ ಆರೋಗ್ಯಕ್ಕಷ್ಟೇ, ಬ್ರಿಟನ್ನಿನ ಕಾಗದಕ್ಕೆ ಲೆಕ್ಕ ಬರುವುದಿಲ್ಲ. ಹಂತ 5ರಲ್ಲಿ ಯಾಕೆಂದು ಗೊತ್ತಾಗುತ್ತದೆ.

ಕೊನೆಯ 3 ವಾರ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡಬೇಡಿ ಎಂದೇ ನನ್ನ ಸಲಹೆ. ಪ್ಯಾಕಿಂಗ್ ಗಲಾಟೆಯಲ್ಲಿ ಹಾಗೆ ಅನ್ನಿಸುತ್ತದೆ, ಗೊತ್ತು. ಆದರೆ ಅಲ್ಲಿ ಕಚ್ಚಿದ ಉಣ್ಣಿಯ ಜ್ವರ ಕಾಣಿಸಿಕೊಳ್ಳಲು 1ರಿಂದ 3 ವಾರ ಬೇಕು. ಕಚ್ಚುವುದು ಬೆಂಗಳೂರಲ್ಲಿ, ಜ್ವರ ಬರುವುದು ಲಂಡನ್‌ನಲ್ಲಿ.

## ಹಂತ 4: ಎರಡು ವಾರ ಮೊದಲು ಮೈಮೇಲಿನ ರಕ್ಷಣೆ

ಔಷಧಿಗಳು ಎರಡು ಬಗೆ. ಈ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಒಂದು, ಕಚ್ಚಿದ ಮೇಲೆ ಕೊಲ್ಲುವಂಥದ್ದು. ಅಗಿಯುವ ಮಾತ್ರೆಗಳು, ಅಂದರೆ ಅಫೊಕ್ಸೊಲಾನರ್, ಸಾರೊಲಾನರ್, ಫ್ಲೂರಲಾನರ್ ಇರುವಂಥವು ಈ ಗುಂಪು. ಮೊದಲಿನೆರಡು ಸುಮಾರು ಒಂದು ತಿಂಗಳು, ಫ್ಲೂರಲಾನರ್ ಮಾತ್ರೆ ಹೆಚ್ಚಿನ ಉಣ್ಣಿಗಳ ಮೇಲೆ ಸುಮಾರು 12 ವಾರ ಕೆಲಸ ಮಾಡುತ್ತದೆ. ಸ್ನಾನದಿಂದ ತೊಳೆದು ಹೋಗುವುದಿಲ್ಲ. ಬೆಂಗಳೂರಿನಿಂದ ಹೊರಡುವ ನಾಯಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೆಟ್‌ಗೆ ಮೊದಲೇ ಹೇಳಿ, ಆಗ ಬೇರೆ ಔಷಧಿ ನೋಡಬೇಕಾಗುತ್ತದೆ.

ಎರಡು, ಹತ್ತಿರ ಬರದಂತೆ ಓಡಿಸುವಂಥದ್ದು. ಪರ್ಮೆಥ್ರಿನ್ ಇರುವ ಬೆನ್ನಿನ ಹನಿ, ಡೆಲ್ಟಾಮೆಥ್ರಿನ್ ಅಥವಾ ಫ್ಲೂಮೆಥ್ರಿನ್ ಇರುವ ಕಾಲರ್. ಸೊಳ್ಳೆ, ಸ್ಯಾಂಡ್ ಫ್ಲೈ (ರಕ್ತ ಹೀರುವ ಪುಟ್ಟ ಕೀಟ) ತರಹದವುಗಳು ಕಚ್ಚುವ ಮೊದಲೇ ತಡೆಯಬೇಕಾದ ಊರಿಗೆ ಹೋಗುವಾಗ ಇದು ಬೇಕು. ಮಾತ್ರೆ ಅಲ್ಲಿ ಸಾಲದು, ಯಾಕೆಂದರೆ ಕಚ್ಚಿದ ಕ್ಷಣದಲ್ಲೇ ರೋಗ ದಾಟಿರುತ್ತದೆ.

ಮನೆಯಲ್ಲಿ ಬೆಕ್ಕು ಇದೆಯಾ? ಹಾಗಾದರೆ ಪರ್ಮೆಥ್ರಿನ್ ಹನಿ ಬೇಡವೇ ಬೇಡ. ಬೆಕ್ಕಿಗೆ ಅದು ಪ್ರಾಣ ತೆಗೆಯುವ ವಿಷ. ನಾಯಿಗೆ ಹಾಕಿದ ಮೇಲೆ ಬೆಕ್ಕು ಅದರ ಪಕ್ಕ ಮಲಗಿದರೂ ಅಪಾಯ.

ಹನಿ ಹಾಕುವ ಕ್ರಮ: ಸ್ನಾನ ಮಾಡಿಸಿ 2 ದಿನ ಬಿಡಿ. ಮೈ ಪೂರ್ತಿ ಒಣಗಿರಬೇಕು. ಭುಜದ ಎರಡು ಮೂಳೆಯ ನಡುವೆ, ನಾಲಿಗೆ ಎಟುಕದ ಕಡೆ, ಕೂದಲು ಬಿಡಿಸಿ ಚರ್ಮ ಕಾಣುವಂತೆ ಮಾಡಿ ಅಲ್ಲಿಗೇ ಹಿಂಡಿ. ಕೂದಲ ಮೇಲೆ ಸುರಿದರೆ ಅದು ಕೂದಲಿಗಷ್ಟೇ. ಮುಂದಿನ 2 ದಿನ ನೀರು ಬೇಡ.

ಕಾಲರ್ ಹಾಕುವ ಕ್ರಮ ಇನ್ನೂ ಸುಲಭ, ತಪ್ಪೂ ಅಷ್ಟೇ ಸುಲಭ. ಕಾಲರ್ ಮತ್ತು ಕತ್ತಿನ ನಡುವೆ ಎರಡು ಬೆರಳು ಹೋಗಬೇಕು. ಅದಕ್ಕಿಂತ ಸಡಿಲ ಇದ್ದರೆ ಚರ್ಮಕ್ಕೆ ತಾಗುವುದಿಲ್ಲ, ಕೆಲಸ ಮಾಡುವುದಿಲ್ಲ. ಹಾಕಿದ ದಿನವೇ ಪೂರ್ತಿ ರಕ್ಷಣೆ ಬರುವುದಿಲ್ಲ, ಮೈಯೆಲ್ಲ ಹರಡಲು 1ರಿಂದ 2 ವಾರ ಬೇಕು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಪ್ಯಾಕೆಟ್ ಒಡೆಯುವವರನ್ನು ನೋಡಿದ್ದೇನೆ.

ಎಚ್ಚರ: ನೀರಿಗೆ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಔಷಧಿ ನಮ್ಮಲ್ಲಿ ಅಗ್ಗಕ್ಕೆ ಸಿಗುತ್ತದೆ. ಪ್ರಯಾಣದ ಕೊನೆಯ ವಾರ ಅದನ್ನು ಮುಟ್ಟಬೇಡಿ. ನಾಯಿಗೆ ಮಂಪರು ಬರಬಹುದು, ಎದೆಬಡಿತ ನಿಧಾನವಾಗಬಹುದು. ಕ್ರೇಟಿನಲ್ಲಿ ಒಂಟಿಯಾಗಿ ಹಾರುವ ನಾಯಿಗೆ ಅದು ಸರಿಯಲ್ಲ. ಹೊಸ ಔಷಧಿ ಯಾವುದನ್ನೇ ಆದರೂ ಕೊನೆಯ ವಾರದಲ್ಲಿ ಮೊದಲ ಬಾರಿ ಪ್ರಯೋಗ ಮಾಡಬೇಡಿ.

## ಹಂತ 5: ಲಾಡಿಹುಳದ ಮಾತ್ರೆ, 24 ಮತ್ತು 120 ಗಂಟೆಯ ನಡುವೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ. ನಿಧಾನವಾಗಿ ಓದಿ.

ಬ್ರಿಟನ್, ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ, ನಾರ್ವೆ ಈ ದೇಶಗಳಿಗೆ ಬರುವ ನಾಯಿಗೆ, ಅದು ಒಳಗೆ ಕಾಲಿಡುವುದಕ್ಕೆ 24 ಗಂಟೆಗಿಂತ ಮೊದಲು, ಆದರೆ 120 ಗಂಟೆಗಿಂತ ಹಿಂದೆ ಅಲ್ಲ, ಪಶುವೈದ್ಯರು ಲಾಡಿಹುಳದ ಔಷಧಿ ಕೊಟ್ಟಿರಬೇಕು. ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಎಂಬ ನರಿಯ ಲಾಡಿಹುಳ ಈ ದೇಶಗಳಿಗೆ ಬರಬಾರದು ಎಂದೇ ಈ ನಿಯಮ. ಮಧ್ಯ ಯೂರೋಪಿನ ನರಿಗಳಲ್ಲಿ ಇದು ಇದೆ. ನಾಯಿ ಹೊಲದ ಇಲಿ ತಿಂದರೆ ಅದಕ್ಕೂ ಬರುತ್ತದೆ. ನಾಯಿಗೆ ಏನೂ ಆಗುವುದಿಲ್ಲ. ಮನುಷ್ಯನಿಗೆ ಬಂದರೆ ವರ್ಷಗಳ ನಂತರ ಯಕೃತ್ತಿನಲ್ಲಿ ಗಡ್ಡೆಯ ಹಾಗೆ ಬೆಳೆಯುತ್ತದೆ.

ಔಷಧಿ ಪ್ರಾಜಿಕ್ವಾಂಟೆಲ್. ಅದು ಒಳಗಿರುವ ಹುಳವನ್ನು ಕೊಲ್ಲುತ್ತದೆ, ಆದರೆ ಮೈಯಲ್ಲಿ ಉಳಿಯುವುದಿಲ್ಲ. ನಾಳೆ ಇನ್ನೊಂದು ಇಲಿ ತಿಂದರೆ ನಾಳೆಯೇ ಮತ್ತೆ ಸೋಂಕು. ಅದಕ್ಕೇ 120 ಗಂಟೆಯ ಮಿತಿ. ಕೊಂದ ಹುಳ, ಮೊಟ್ಟೆ ಹೊರಗೆ ಹೋಗಲು ಸಮಯ ಬೇಕು, ಅದಕ್ಕೆ 24 ಗಂಟೆ. "ಹೋದ ತಿಂಗಳೇ ಕೊಟ್ಟಿದ್ದೇವೆ" ಅನ್ನುವುದು ಯಾಕೆ ನಡೆಯುವುದಿಲ್ಲ ಎಂದು ಈಗ ಗೊತ್ತಾಯಿತಲ್ವಾ?

ಒಂದು ಲೆಕ್ಕ ಮಾಡೋಣ. ಬೇಸಿಗೆಯಲ್ಲಿ ನಿಮ್ಮ ವಿಮಾನ ಶನಿವಾರ ಬೆಳಗ್ಗೆ 7ಕ್ಕೆ ಲಂಡನ್‌ನಲ್ಲಿ ಇಳಿಯುತ್ತದೆ. ಆಗ ಇಲ್ಲಿ 11.30. (ಚಳಿಗಾಲದಲ್ಲಾದರೆ ವ್ಯತ್ಯಾಸ ಐದೂವರೆ ಗಂಟೆ, ಆಗ 12.30.) ಬೆಂಗಳೂರಿನ ಗಡಿಯಾರದಲ್ಲಿ 120 ಗಂಟೆ ಹಿಂದಕ್ಕೆ ಹೋದರೆ ಸೋಮವಾರ 11.30. 24 ಗಂಟೆ ಹಿಂದಕ್ಕೆ ಹೋದರೆ ಶುಕ್ರವಾರ 11.30. ಈ ಎರಡರ ನಡುವೆ ಮಾತ್ರೆ ಹೋಗಬೇಕು.

ಸೋಮವಾರ ಮಧ್ಯಾಹ್ನವೇ ಮುಗಿಸಿಬಿಡೋಣ ಎಂದು ಕೊಟ್ಟರೆ ಏನಾಗುತ್ತದೆ? ವಿಮಾನ ಮೂರು ಗಂಟೆ ತಡವಾದರೂ ಮಿತಿ ದಾಟುತ್ತದೆ. ಗುರುವಾರ 11.30ಕ್ಕೆ ಕೊಟ್ಟರೆ ಮಿತಿ ಮುಗಿಯುವುದು ಮುಂದಿನ ಮಂಗಳವಾರ 11.30ಕ್ಕೆ. ವಿಮಾನ ಎರಡು ದಿನ ರದ್ದಾದರೂ ನೀವು ಒಳಗೇ ಇರುತ್ತೀರಿ. ಇಳಿಯುವ ಹೊತ್ತಿಗೆ 48 ಗಂಟೆ ಹಿಂದೆ, ಇದು ನನ್ನ ಲೆಕ್ಕ. ಕಾಗದಕ್ಕೆ ಸರಕಾರಿ ಮೊಹರು ಹಾಕಿಸಲು ಇನ್ನೊಂದು ದಿನ ಬೇಕಾದರೆ 72 ಗಂಟೆ. ಅದಕ್ಕಿಂತ ಹಿಂದೆ ಹೋಗಬೇಡಿ.

ಮಾತ್ರೆಯ ದಿನ ಕ್ಲಿನಿಕ್‌ನಲ್ಲಿ ಈ ಕ್ರಮ:

1. ಮೊದಲು ವೆಟ್ ಮೈಕ್ರೋಚಿಪ್ ಓದಲಿ. ಕಾಗದದ 15 ಅಂಕಿಯ ಜತೆ ನೀವೇ ಕೂತು ಹೋಲಿಸಿ.
2. ನಾಯಿಯ ತೂಕ ನೋಡಲಿ. ಪ್ರಾಜಿಕ್ವಾಂಟೆಲ್ ಸಾಮಾನ್ಯವಾಗಿ ಕಿಲೋಗೆ 5 ಮಿಲಿಗ್ರಾಂ. 24 ಕಿಲೋ ಲ್ಯಾಬ್ರಡಾರ್‌ಗೆ 120 ಮಿಲಿಗ್ರಾಂ. ಒಂದು ಮಾತ್ರೆಯಲ್ಲಿ 50 ಇದ್ದರೆ ಎರಡೂವರೆ ಮಾತ್ರೆ.
3. ಸ್ಟ್ರಿಪ್ ಹಿಂದೆ ಪ್ರಾಜಿಕ್ವಾಂಟೆಲ್ ಎಂದು ಬರೆದಿದೆಯಾ ಎಂದು ನಿಮ್ಮ ಕಣ್ಣಾರೆ ಓದಿ. ಪೈರಾಂಟೆಲ್ ಮಾತ್ರ ಇರುವ ಸಿರಪ್, ಆಲ್ಬೆಂಡಜೋಲ್ ಇವು ಇಲ್ಲಿ ಲೆಕ್ಕಕ್ಕಿಲ್ಲ.
4. ವೆಟ್ ಕೈಯಿಂದಲೇ ಮಾತ್ರೆ ಹೋಗಬೇಕು. ಮನೆಗೆ ತಂದು ಮೊಸರನ್ನದಲ್ಲಿ ಕೊಡುವುದಲ್ಲ.
5. ಅರ್ಧ ಗಂಟೆ ಅಲ್ಲೇ ಕೂತಿರಿ. ನಾಯಿ ವಾಂತಿ ಮಾಡಿದರೆ ವೆಟ್‌ಗೆ ತೋರಿಸಿ. ಮತ್ತೆ ಕೊಟ್ಟರೆ ಹೊಸ ಸಮಯವನ್ನು ಬರೆಸಿ.
6. ಔಷಧಿಯ ಹೆಸರು, ತಯಾರಿಸಿದ ಕಂಪನಿ, ದಿನಾಂಕ, ಗಂಟೆ, ವೆಟ್ ಸಹಿ, ಮೊಹರು. ಆರೂ ಇದೆಯಾ ಎಂದು ಎಣಿಸಿ.

ಆರನೆಯದ್ದರಲ್ಲಿ "ಗಂಟೆ" ಎಂಬುದಕ್ಕೆ ನನಗೆ ಬಿದ್ದ ಪೆಟ್ಟು ಹೇಳುತ್ತೇನೆ. ನಮ್ಮ ನಾಯಿಯ ಕಾಗದದಲ್ಲಿ ದಿನಾಂಕ ಇತ್ತು, ಸಹಿ ಇತ್ತು, ಮೊಹರು ಎರಡೆರಡು ಇತ್ತು. ಗಂಟೆ ಮಾತ್ರ ಇರಲಿಲ್ಲ. ಗೊತ್ತಾದದ್ದು ರಾತ್ರಿ 9ಕ್ಕೆ, ಊಟ ಮಾಡುತ್ತಾ ಸುಮ್ನೆ ಕಣ್ಣಾಡಿಸಿದಾಗ. ಬೆಳಗ್ಗೆ ಕ್ಲಿನಿಕ್ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತು ಬರೆಸಿಕೊಂಡು ಬಂದೆ. ಗಂಟೆ ಇಲ್ಲದಿದ್ದರೆ 24ನ್ನೂ 120ನ್ನೂ ಅವರು ಯಾವುದರಿಂದ ಎಣಿಸಬೇಕು? ನಿಯಮ ಪಾಲಿಸದ ನಾಯಿಯನ್ನು ಬ್ರಿಟನ್‌ನಲ್ಲಿ ಕ್ವಾರಂಟೈನ್‌ನಲ್ಲಿ ಇಡಬಹುದು, ಅದು 4 ತಿಂಗಳವರೆಗೂ ಹೋಗಬಹುದು. ಖರ್ಚು ನಿಮ್ಮದೇ.

ಇಲ್ಲಿಂದ ಹೊರಡುವ ನಾಯಿಗೆ ಆರೋಗ್ಯ ಪ್ರಮಾಣಪತ್ರದ ಕೆಲಸ ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯದ್ದು. ಬೆಂಗಳೂರಿನಲ್ಲೂ ಇದೆ. ಪ್ರಮಾಣಪತ್ರ ಕೊಟ್ಟ 10 ದಿನದೊಳಗೆ ನಾಯಿ ಬ್ರಿಟನ್ ಸೇರಬೇಕು. ಲಾಡಿಹುಳದ ವಿವರ ಮೊದಲು ತುಂಬಿಸಬೇಕಾ, ಮೊಹರು ಮೊದಲಾ ಎಂದು ಎರಡು ವಾರ ಮೊದಲೇ ಅಲ್ಲಿ ಕೇಳಿಕೊಳ್ಳಿ. ಆ ವಾರ ಸರಕಾರಿ ರಜೆ ಇದೆಯಾ ಎಂದೂ ನೋಡಿ. ದಸರಾ, ದೀಪಾವಳಿಯ ಸಾಲು ರಜೆ ಬಂದರೆ 120 ಗಂಟೆಯ ಕಿಟಕಿ ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ.

## ಹಂತ 6: ಹೊರಡುವ ದಿನ

ಇಲ್ಲಿ ಕೆಲಸ ಕಡಿಮೆ. ಬೆಳಗ್ಗೆ ಒಮ್ಮೆ ಮೈಯೆಲ್ಲ ತಡವಿ ನೋಡಿ: ಕಿವಿಯ ಒಳಗೆ, ಕಾಲ್ಬೆರಳ ಸಂದು, ಕಂಕುಳು, ತೊಡೆ ಸಂದು, ಬಾಲದ ಬುಡ, ಕಾಲರ್ ಕೆಳಗೆ. ಉಣ್ಣಿ ಸಿಕ್ಕರೆ ಚಿಮಟವನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರಕ್ಕೆ, ನಿಧಾನವಾಗಿ ಎಳೆಯಿರಿ. ಕೊಕ್ಕೆಯಾದರೆ ತಿರುಗಿಸಿ ತೆಗೆಯಿರಿ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಊದುಬತ್ತಿ ಕೆಂಡ ಬೇಡ. ಹಿಂಸೆಯಾದ ಉಣ್ಣಿ ತನ್ನ ಹೊಟ್ಟೆಯಲ್ಲಿದ್ದದ್ದನ್ನು ನಾಯಿಯ ಮೈಯೊಳಗೇ ಕಾರಬಹುದು. ಉಗುರಿನಿಂದ ಚಿಟುಕಿಸಬೇಡಿ, ಸ್ಯಾನಿಟೈಸರ್ ಡಬ್ಬಿಗೆ ಹಾಕಿ.

ಕ್ರೇಟಿಗೆ ಒಗೆದ ಬಟ್ಟೆ ಹಾಸಿ. ನಿಲ್ದಾಣಕ್ಕೆ ಹೋಗುವ ಮುಂಚೆ ನಾಯಿಯನ್ನು ಹುಲ್ಲಿನಲ್ಲಿ ಓಡಾಡಿಸಬೇಡಿ, ಡಾಂಬರು ರಸ್ತೆ ಸಾಕು. ಕಾಗದಗಳ ಮೂಲ ಪ್ರತಿ ನಾಯಿಯ ಜತೆ ಕಾರ್ಗೋದಲ್ಲಿ ಹೋಗುತ್ತದೆ. ಫೋಟೋ ನಿಮ್ಮ ಫೋನಿನಲ್ಲಿರಲಿ.

## ಹಂತ 7: ಇಳಿದ ಮೇಲಿನ ಮೊದಲ ತಿಂಗಳು

ಮೊದಲ ವಾರವೇ ಅಲ್ಲಿನ ವೆಟ್ ಹತ್ತಿರ ಹೆಸರು ನೋಂದಾಯಿಸಿ. "ಭಾರತದಿಂದ ಬಂದ ನಾಯಿ" ಎಂಬುದು ಫೈಲಿನ ಮೊದಲ ಸಾಲಿನಲ್ಲಿರಲಿ. ಎರ್ಲಿಕಿಯಾ ಅಲ್ಲಿನ ವೆಟ್‌ಗಳಿಗೆ ದಿನಾ ಕಾಣುವ ಕಾಯಿಲೆಯಲ್ಲ. ಜ್ವರ ಬಂದ ನಾಯಿಯನ್ನು ನೋಡಿ ಅದು ಅವರ ತಲೆಗೆ ಮೊದಲು ಹೊಳೆಯಲಿಕ್ಕಿಲ್ಲ. ಹಂತ 2ರ ವರದಿಗಳನ್ನು ಕೊಡಿ.

ಬ್ರಿಟನ್‌ನ ಉಣ್ಣಿ ಬೇರೆ. ಅದು ಮನೆಯಲ್ಲಲ್ಲ, ಉದ್ದ ಹುಲ್ಲು, ಪೊದೆ, ಜಿಂಕೆ-ಕುರಿ ಓಡಾಡುವ ಕಡೆ ಕಾಯುತ್ತದೆ. ಲೈಮ್ ಕಾಯಿಲೆ ಹರಡುವುದು ಇದೇ. ರೋಗ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿರಬೇಕು, ಹಾಗಾಗಿ ಪ್ರತಿ ವಾಕಿಂಗ್ ನಂತರ ತಡವಿ ನೋಡಿದರೆ ಬಹಳಷ್ಟು ತಪ್ಪುತ್ತದೆ. "ಚಳಿ ದೇಶ, ಉಣ್ಣಿ ಎಲ್ಲಿಂದ?" ಎಂದು ಔಷಧಿ ನಿಲ್ಲಿಸಬೇಡಿ. ಎಸ್ಸೆಕ್ಸ್‌ನ ಹಾರ್ಲೊ ಊರಿನಲ್ಲಿ 2015-16ರ ಚಳಿಗಾಲದಲ್ಲೇ, ವಿದೇಶಕ್ಕೆ ಹೋಗಿರದ ನಾಯಿಗಳಿಗೆ ಉಣ್ಣಿಯಿಂದ ಬಬೇಸಿಯಾ ಬಂದಿತ್ತು.

ಇನ್ನೊಂದು ಹೊಸ ಶತ್ರು ಗೊಂಡೆಹುಳು, ಬಸವನಹುಳು. ಇವನ್ನು ತಿಂದ ನಾಯಿಗೆ ಶ್ವಾಸಕೋಶದ ಹುಳ ಬರುತ್ತದೆ. ಕೆಮ್ಮು, ಬೇಗ ಸುಸ್ತು, ಗಾಯವಾದರೆ ರಕ್ತ ನಿಲ್ಲದಿರುವುದು ಲಕ್ಷಣ. ನಾವು ಕೊಡುವ ಮಾಮೂಲಿ ಹುಳದ ಮಾತ್ರೆ ಇದಕ್ಕೆ ಸಾಲದು, ಬೇರೆ ಔಷಧಿ ಇದೆ, ವೆಟ್ ಬರೆದುಕೊಡುತ್ತಾರೆ. ತೋಟದಲ್ಲಿ ರಾತ್ರಿ ನೀರಿನ ಬಟ್ಟಲು, ಆಟಿಕೆ ಬಿಡಬೇಡಿ.

## ಹಂತ 8: ಅಲ್ಲಿಂದ ಇಟಲಿ, ಸ್ಪೇನ್, ಗ್ರೀಸ್‌ಗೆ ರಜೆ

ನೆಲೆಸಿದ ಮರುವರ್ಷ ಕಾರು ಹತ್ತಿ ದಕ್ಷಿಣಕ್ಕೆ ಹೋಗುವವರು ಬೆಂಗಳೂರಿನಿಂದ ಬರುವಾಗ ಪಟ್ಟ ಎಚ್ಚರದ ಅರ್ಧವೂ ಪಡುವುದಿಲ್ಲ. ನಿಜಕ್ಕೂ ದೊಡ್ಡ ಅಪಾಯ ಇರುವುದು ಈ ಪ್ರಯಾಣದಲ್ಲಿ.

ಸ್ಯಾಂಡ್ ಫ್ಲೈ. 2-3 ಮಿಲಿಮೀಟರಿನ ಕೀಟ, ಸದ್ದೇ ಮಾಡುವುದಿಲ್ಲ. ಮೆಡಿಟರೇನಿಯನ್ ಸುತ್ತ ಬೇಸಿಗೆಯ ತಿಂಗಳುಗಳಲ್ಲಿ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಇದರಿಂದ ಬರುವ ಲೀಶ್ಮೇನಿಯಾ ತಿಂಗಳುಗಳು, ಕೆಲವು ಸಲ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಇದೆ, ಆದರೆ ಬೇರುಸಮೇತ ಹೋಗುವುದು ಕಷ್ಟ. ಎಷ್ಟೋ ನಾಯಿಗಳು ಬದುಕಿಡೀ ಮಾತ್ರೆಯ ಮೇಲಿರಬೇಕಾಗುತ್ತದೆ. ಹಾಗಾಗಿ: ಹೊರಡುವ 2 ವಾರ ಮೊದಲು ಓಡಿಸುವ ಬಗೆಯ ಕಾಲರ್. ಕಾಲರ್ ಆಗದಿದ್ದರೆ ಪರ್ಮೆಥ್ರಿನ್ ಹನಿ, 2 ದಿನ ಮೊದಲು, ಲೇಬಲ್‌ನಲ್ಲಿ ಸ್ಯಾಂಡ್ ಫ್ಲೈಗೆ ಎಷ್ಟು ವಾರ ಎಂದಿದೆಯೋ ಅಷ್ಟಕ್ಕೊಮ್ಮೆ ಮತ್ತೆ. ಸಂಜೆ ಆದ ಮೇಲೆ ನಾಯಿ ಮನೆಯೊಳಗೆ, ಫ್ಯಾನ್ ಗಾಳಿಯಲ್ಲಿ. ಈ ಕೀಟಕ್ಕೆ ಗಾಳಿಗೆ ಎದುರಾಗಿ ಹಾರಲು ಬರುವುದಿಲ್ಲ. ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲಿ ಇದು ನುಸುಳುತ್ತದೆ. ಲಸಿಕೆ ಯೂರೋಪಿನಲ್ಲಿ ಇದೆ, ಆದರೆ ಅದು ಕಚ್ಚುವುದನ್ನು ತಡೆಯುವುದಿಲ್ಲ, ಲಸಿಕೆ ಹಾಕಿಸಿದರೂ ಕಾಲರ್ ಬೇಕು.

ಸೊಳ್ಳೆ, ಹಾರ್ಟ್‌ವರ್ಮ್. ಉತ್ತರ ಇಟಲಿಯ ಪೊ ನದಿ ಬಯಲು ಇದಕ್ಕೆ ಕುಖ್ಯಾತ. ಬಲಿತ ಹುಳ 30 ಸೆಂಟಿಮೀಟರ್‌ವರೆಗೆ ಬೆಳೆದು ಹೃದಯ, ಶ್ವಾಸಕೋಶದ ರಕ್ತನಾಳದಲ್ಲಿ ಸೇರಿಕೊಳ್ಳುತ್ತದೆ. ತಡೆ ಔಷಧಿ ಹಿಂದಿನ ಒಂದು ತಿಂಗಳಲ್ಲಿ ಮೈಸೇರಿದ ಮರಿಯನ್ನು ಕೊಲ್ಲುತ್ತದೆ. ಆದ್ದರಿಂದ ಅದನ್ನು ನಿಲ್ಲಿಸಬೇಕಾದ್ದು ಊರಿಗೆ ಮರಳಿದ ದಿನವಲ್ಲ. ಅಲ್ಲಿ ತಲುಪಿ 30 ದಿನದೊಳಗೆ ಶುರು, ತಿಂಗಳಿಗೊಮ್ಮೆ, ವಾಪಸ್ ಬಂದ ಮೇಲೆ ಕನಿಷ್ಠ ಇನ್ನೊಂದು ತಿಂಗಳು.

ವಾಪಸ್ ಬರುವಾಗ. ಲಾಡಿಹುಳದ ಮಾತ್ರೆ ಮತ್ತೆ ಬೇಕು, ಅದೇ 24-120 ಗಂಟೆ, ಈ ಸಲ ಅಲ್ಲಿನ ವೆಟ್ ಹತ್ತಿರ. ಆಗಸ್ಟ್‌ನಲ್ಲಿ ಇಟಲಿಯ ಎಷ್ಟೋ ಕ್ಲಿನಿಕ್‌ಗಳು ರಜೆಯಲ್ಲಿರುತ್ತವೆ, ಹೊರಡುವ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಿ. 5 ದಿನದೊಳಗಿನ ಪ್ರವಾಸವಾದರೆ ಬ್ರಿಟನ್‌ನಲ್ಲೇ, ಹೊರಡುವ ಮುಂಚೆ ಕೊಡಿಸಿ, ಕೊಟ್ಟ ಹೊತ್ತಿನಿಂದ 24 ಗಂಟೆ ಕಳೆದ ಮೇಲೆ, 120 ಗಂಟೆಯೊಳಗೆ ಮರಳಬಹುದು. ಹಾಗೆ ಮಾಡಿದರೆ ಬಂದು 28 ದಿನದೊಳಗೆ ಇನ್ನೊಂದು ಡೋಸ್ ಕೊಡಿಸಿ.

## ಯಾವ ಲಕ್ಷಣ ಕಂಡರೆ ಅದೇ ದಿನ ಓಡಬೇಕು

- ಮೂತ್ರ ಕೆಂಪು ಅಥವಾ ಕಾಫಿ ಡಿಕಾಕ್ಷನ್ ಬಣ್ಣ, ವಸಡು ಬಿಳಿಚಿಕೊಂಡಿದೆ, ಜ್ವರ: ಬಬೇಸಿಯಾ ಇರಬಹುದು. ನಾಳೆ ನೋಡೋಣ ಅನ್ನಬೇಡಿ, ರಾತ್ರಿಯಾಗಿದ್ದರೂ ತುರ್ತು ಕ್ಲಿನಿಕ್.
- ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆ: ಪ್ಲೇಟ್‌ಲೆಟ್ ಬಿದ್ದಿರಬಹುದು, ಎರ್ಲಿಕಿಯಾ ನೋಡಿಸಿ.
- ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಿದೆ, ಜತೆಗೆ ಜ್ವರ: ಲೈಮ್ ಅಥವಾ ಅನಾಪ್ಲಾಸ್ಮಾ.
- ವಿಪರೀತ ಜೊಲ್ಲು, ನಡುಕ, ತೂರಾಡುವುದು: ಈಗಷ್ಟೇ ಹಾಕಿದ ಉಣ್ಣಿ ಔಷಧಿಯ ವಿಷವೇ ಆಗಿರಬಹುದು. ಕಾಲರ್ ತೆಗೆದು, ಪ್ಯಾಕೆಟ್ ಸಮೇತ ಹೋಗಿ.

ನಿಧಾನವಾಗಿ ಬರುವ ಲಕ್ಷಣಗಳನ್ನೂ ಬಿಡಬೇಡಿ. ಕಣ್ಣಿನ ಸುತ್ತ, ಕಿವಿಯಂಚಿನಲ್ಲಿ ಹೊಟ್ಟು ಎದ್ದು ಕೂದಲು ಉದುರುವುದು, ತಿಂದರೂ ಸೊರಗುವುದು, ಉಗುರು ಅಸಹಜವಾಗಿ ಉದ್ದ ಬೆಳೆಯುವುದು ಲೀಶ್ಮೇನಿಯಾದ ಗುರುತು. ಮೆಟ್ಟಿಲು ಹತ್ತಿದರೆ ಕೆಮ್ಮು ಎಂದರೆ ಹಾರ್ಟ್‌ವರ್ಮ್ ಅನುಮಾನ. ದಕ್ಷಿಣ ಯೂರೋಪಿಗೆ ಹೋಗಿ ಬಂದ ನಾಯಿಗೆ ಲಕ್ಷಣ ಏನೂ ಇಲ್ಲದಿದ್ದರೂ, ಮರಳಿ 6-7 ತಿಂಗಳಾದ ಮೇಲೆ ಹಾರ್ಟ್‌ವರ್ಮ್ ಮತ್ತು ಲೀಶ್ಮೇನಿಯಾ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕಿಂತ ಬೇಗ ಮಾಡಿಸಿದರೆ ಹಾರ್ಟ್‌ವರ್ಮ್ ಪರೀಕ್ಷೆ "ಇಲ್ಲ" ಎಂದೇ ತೋರಿಸಬಹುದು, ಹುಳ ಅಷ್ಟರಲ್ಲಿ ಬಲಿತಿರುವುದಿಲ್ಲ. ಆ ತಾರೀಕನ್ನೂ ಇವತ್ತೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ವರ್ಷ ಬದಲಾದರೆ ಹೊಸ ಕ್ಯಾಲೆಂಡರಿಗೆ ಅದನ್ನೂ ಇಳಿಸಿಕೊಳ್ಳಿ.